ಐವತ್ತೆರಡಕ್ಕೆ ಮತ್ತೆ ಹಿಡಿದ ಕುಂಚ

ನಾನು ಚಿಕ್ಕವಳಿದ್ದಾಗ ನಮ್ಮ ಕೊಂಕಲ್‌ನಲ್ಲಿ ಚಿತ್ರ ಎಂದರೆ ಕ್ಯಾಲೆಂಡರಿನ ಚಿತ್ರ. ವರ್ಷ ಮುಗಿದರೂ ಅವ್ವ ಅದನ್ನು ಕೀಳಲು ಬಿಡುತ್ತಿರಲಿಲ್ಲ. ತಾರೀಖಿನ ಹಾಳೆ ಹರಿದು ಒಲೆಗೆ, ಲಕ್ಷ್ಮಿ ಮಾತ್ರ ಗೋಡೆಗೆ. ದೇವರ ಚಿತ್ರಗಳಿಂದ ದೇಶಕ್ಕೆಲ್ಲ ಹೆಸರಾದ ಎಸ್.ಎಂ. ಪಂಡಿತರು (1916–1993) ನಮ್ಮ ಗುಲಬರ್ಗಾದಲ್ಲೇ ಹುಟ್ಟಿದವರು ಎಂದು ತಿಳಿದದ್ದು ಬಿ.ಎ. ಓದುವಾಗ. ನನಗೋ ದೇವರಿಗಿಂತ ದೇವರ ಹಿಂದಿನ ಗುಡ್ಡ, ಹೊಳೆ, ಮೋಡದ ಮೇಲೆ ಕಣ್ಣು.

ಅದನ್ನೇ ಪಾಟಿಯ ಮೇಲೆ ಬರೆಯುತ್ತ ಕೂತರೆ ಅಪ್ಪ ನಗುತ್ತಿದ್ದರು. "ಹೊಲಾ ದಿನಾ ನೋಡ್ತೀ, ಮತ್ಯಾಕ ಬರೀತಿ?"

ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಯೋಚಿಸಿದರೆ ಅದು ಅಪ್ಪನೊಬ್ಬರ ಪ್ರಶ್ನೆಯಲ್ಲ, ನಮ್ಮ ಸೀಮೆಯ ಪ್ರಶ್ನೆ. ಸುರಪುರದ ನಾಯಕರ ಆಶ್ರಯದಲ್ಲಿ ಗರುಡಾದ್ರಿ ಮನೆತನದವರು ಬಂಗಾರ ಬಳಸಿ ಎಂಥ ಸೂಕ್ಷ್ಮ ಚಿತ್ರ ಬರೆದರು! ಅಲ್ಲಿಯೂ ದೇವರು, ದೊರೆ ಮುಂದೆ. ನೆಲ, ಮರ ಹಿಂದೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಒಳ್ಳೆಯ ಚಿತ್ರಗಾರನೂ ಹೌದು. ಇಲ್ಲಿಗೆ ಬರುವ ಮೊದಲೇ, 1837ರಲ್ಲಿ, ದಖ್ಖನ್ನಿನ ರೇಖಾಚಿತ್ರಗಳ ಪುಸ್ತಕ ತಂದಿದ್ದ. ಈ ಕಡೆಯ ನೆಲವನ್ನು ನೆಲವೆಂದೇ ನೋಡಿ ಬರೆಯಲು ಹೊರಗಿನವನ ಕಣ್ಣೇ ಬೇಕಾಯಿತೇನೋ.

ನಾನು ಡ್ರಾಯಿಂಗ್ ಲೋವರ್ ಗ್ರೇಡ್ ಪಾಸಾದೆ. ಹೈಯರ್ ಪರೀಕ್ಷೆಗೆ ಫೀಸು ಕಟ್ಟುವ ಹೊತ್ತಿಗೆ ಮನೆಯಲ್ಲಿ ಮದುವೆಯ ಮಾತು. ಆಮೇಲೆ ಬಿ.ಇಡಿ., ನೌಕರಿ, ಮಕ್ಕಳು, ಅತ್ತೆಯವರ ಕಾಯಿಲೆ. ಬಣ್ಣದ ತಗಡಿನ ಡಬ್ಬಿ ಟ್ರಂಕಿನ ತಳ ಸೇರಿತು. ಯಾರೂ ನನ್ನನ್ನು ತಡೆಯಲಿಲ್ಲ, ಕೇಳಿದವರೂ ಇಲ್ಲ. ಹೆಂಗಸರ ಎಷ್ಟೋ ಹವ್ಯಾಸಗಳು ಹೀಗೆಯೇ, ಜಗಳವಿಲ್ಲದೆ, ಮುಗಿದುಹೋಗುತ್ತವೆ.

ಕೆಲ ವರ್ಷಗಳ ಹಿಂದೆ ಬೆಂಗಳೂರಿಗೆ ಹೋದಾಗ ಗೆಳತಿಯ ಮನೆಯಲ್ಲಿ ಒಂದು ಚಿತ್ರಗಳ ಪುಸ್ತಕ ನೋಡಿದೆ. ಪುಟ ತೆರೆದರೆ ಕೆಂಪಗೆ ಹೊತ್ತಿಕೊಂಡ ಗುಲ್‌ಮೊಹರು. ಬಣ್ಣವನ್ನು ಬಳಿದದ್ದಲ್ಲ, ಚುಕ್ಕೆ ಚುಕ್ಕೆಯಾಗಿ ಇಟ್ಟದ್ದು. ಮುಂದಿನ ಪುಟದಲ್ಲಿ ನೀಲಿ ಜಕರಂದ. ಮನುಷ್ಯರು ಇದ್ದರೂ ಮರದ ಬುಡದಲ್ಲಿ ಇರುವೆಯಷ್ಟು. ಕ್ಯಾಲೆಂಡರಿನಲ್ಲಿ ಹಿಂದೆ ನಿಂತಿದ್ದ ಮರ ಇಲ್ಲಿ ಮುಂದೆ ಬಂದು ನಿಂತಿತ್ತು! ಬರೆದವರು ರುಮಾಲೆ ಚೆನ್ನಬಸವಯ್ಯ.

ಅವರ ಬದುಕು ಓದಿದಾಗ ಚಿತ್ರಕ್ಕಿಂತ ಹೆಚ್ಚು ಬೆರಗಾದೆ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟು. ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ತೆರೆದಿದ್ದ ಕಲಾಮಂದಿರದಲ್ಲಿ ಕಲಿಕೆ, ಬಳಿಕ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. ಅಷ್ಟರಲ್ಲಿ ಗಾಂಧೀಜಿಯ ಕರೆ. ಹುಡುಗ ಕುಂಚ ಕೆಳಗಿಟ್ಟು ಚಳವಳಿಗೆ ಇಳಿದರು. ಹುಬ್ಬಳ್ಳಿಯ ನಾ.ಸು. ಹರ್ಡೀಕರರ ಸೇವಾದಳದಲ್ಲಿ ದುಡಿದರು, ಜೈಲು ಕಂಡರು. 'ತಾಯಿನಾಡು' ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು. ಇನ್ನೊಬ್ಬರಾಗಿದ್ದರೆ ಹೆಚ್ಚಿನ ಅಧಿಕಾರಕ್ಕೆ ಕಾಯುತ್ತಿದ್ದರು. ಇವರು 1962ರಲ್ಲಿ ರಾಜಕಾರಣ ಬಿಟ್ಟು ಮತ್ತೆ ಬಣ್ಣದ ಮುಂದೆ ಕೂತರು. ಆಗ ಅವರಿಗೆ ಐವತ್ತೆರಡು ವರ್ಷ.

ಐವತ್ತೆರಡು! ಗೆಳತಿ ತಂದ ಚಹಾ ಆರಿಹೋಯಿತು. ಪುಸ್ತಕ ಹಿಡಿದು ಕೂತ ನನಗೂ ಆಗ ಅಷ್ಟೇ ವಯಸ್ಸು.

ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೆ, ಇಪ್ಪತ್ತೈದಕ್ಕೂ ಹೆಚ್ಚು ವರ್ಷ, ರುಮಾಲೆಯವರು ಬರೆದದ್ದು ಹೆಚ್ಚಾಗಿ ನಿಸರ್ಗ. ಬೆಂಗಳೂರಿನ ಉದ್ಯಾನಗಳು, ಹೂಬಿಟ್ಟ ಸಾಲುಮರಗಳು. ಜಲವರ್ಣವೂ ಉಂಟು, ತೈಲವರ್ಣವೂ ಉಂಟು. ಮನೆಯೊಳಗೆ ಕೂತು ನೆನಪಿನಿಂದ ಬರೆಯುವವರಲ್ಲ ಅವರು; ಮರ ಇದ್ದಲ್ಲಿಗೇ ಹೋಗಿ, ಬಿಸಿಲು ಬಿದ್ದಂತೆ ನೋಡಿ ಬರೆದರು. ಫ್ರಾನ್ಸಿನ ಮೋನೆ ಒಂದೇ ಹುಲ್ಲಿನ ಬಣವೆಯನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಬರೆದದ್ದನ್ನು ನೀವು ಕೇಳಿರಬಹುದು. ಅದೇ ತಾಳ್ಮೆ ಇದು. ನೆಲ ದಿನಾ ಅದೇ, ಬೆಳಕು ಮಾತ್ರ ಅದೇ ಅಲ್ಲ. ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಹೇಳೋಣವೆಂದರೆ ಅಪ್ಪ ಇಲ್ಲ.

ಆ ಮರಗಳಿಗೂ ಒಂದು ಚರಿತ್ರೆಯಿದೆ. ಗುಲ್‌ಮೊಹರು ಮಡಗಾಸ್ಕರಿನದು, ಜಕರಂದ ದಕ್ಷಿಣ ಅಮೆರಿಕದ್ದು. ಲಾಲ್‌ಬಾಗ್ ನೋಡಿಕೊಳ್ಳಲು 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಎಂಬ ತೋಟಗಾರಿಕೆ ತಜ್ಞ, ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ. ಒಬ್ಬ ನೆಟ್ಟ, ಇನ್ನೊಬ್ಬ ಬರೆದ, ಮೂರನೆಯವರು ರಸ್ತೆ ಅಗಲ ಮಾಡಲು ಕಡಿದರು. ಹೀಗಾಗಿ ರುಮಾಲೆಯವರ ಚಿತ್ರಗಳು ಇಂದು ಅಂದಕ್ಕಷ್ಟೇ ಅಲ್ಲ, ದಾಖಲೆಯಾಗಿಯೂ ಬೇಕು. ಇತಿಹಾಸ ಪಾಠ ಮಾಡುವ ನಾನು ಶಾಸನ, ಕೋಟೆ, ನಾಣ್ಯಗಳನ್ನು ಆಧಾರ ಎಂದು ಹೇಳಿಕೊಡುತ್ತೇನೆ. ಒಂದು ಹೂಮರದ ಚಿತ್ರವೂ ಆಧಾರವೇ ಎಂದು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ನಮ್ಮ ಕಡೆಯೂ ನೆಲ ಮೊದಲಿನಂತಿಲ್ಲ. ಕೃಷ್ಣಾ ಕಾಲುವೆಯ ನೀರು ಬಂದ ಕಡೆ ಜೋಳದ ಹೊಲ ಭತ್ತದ ಗದ್ದೆಯಾಯಿತು. ಬಂಡೆಗುಡ್ಡಗಳನ್ನು ಒಡೆದು ಜಲ್ಲಿ ಮಾಡುತ್ತಾರೆ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುವುದರಿಂದ ಜನ ನಿಂತು ನೋಡುತ್ತಾರೆ. ಹೆಸರಿಲ್ಲದ ಗುಡ್ಡಕ್ಕೆ ಯಾರು ದಿಕ್ಕು? ನಾನು ಬಾಲ್ಯದಲ್ಲಿ ಪಾಟಿಯ ಮೇಲೆ ಬರೆಯುತ್ತಿದ್ದ ಗುಡ್ಡದ ಅರ್ಧ ಈಗ ಇಲ್ಲ. ಆ ಪಾಟಿಯ ಚಿತ್ರವನ್ನೂ ಅವತ್ತೇ ಒರೆಸಿದ್ದೆ.

ಊರಿಗೆ ಬಂದವಳೇ ಟ್ರಂಕು ತೆಗೆದೆ. ಡಬ್ಬಿಯ ಬಣ್ಣ ಕಲ್ಲಾಗಿತ್ತು. ಹೊಸದು ಕೊಂಡು, ತೊಗರಿ ಹಳದಿ ಹೂ ಬಿಟ್ಟ ಒಂದು ಭಾನುವಾರ ಕೊಂಕಲ್‌ಗೆ ಹೋಗಿ ಬದುವಿನ ಮೇಲೆ ಕೂತೆ. ಕೈ ನಡುಗಿತು, ಹಸಿರು ಕೆಸರಾಯಿತು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯಜ್ಜಿ ಒಬ್ಬಳು ಬುಟ್ಟಿ ಇಳಿಸಿ ಬಗ್ಗಿ ನೋಡಿದಳು.

"ಇದು ನಮ್ಮ ಹೊಲ ಏನವ್ವಾ?"

"ಹೌದಜ್ಜಿ."

"ಆ ಬೇವಿನ ಗಿಡಾ ಬಿಟ್ಟಿಯಲ್ಲ. ಅದನ್ನೂ ಹಾಕು. ನನ್ನ ಮಗಾ ಅದನ್ನ ಕಡಸ್ತೀನಿ ಅಂತ ಕುಂತಾನ."

ಬೇವಿನ ಗಿಡ ಹಾಕಿದೆ. ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಆದರೆ ಈ ಸಲ ಒರೆಸಲಿಲ್ಲ. ಹಿಂದುಗಡೆ ತಾರೀಖು, ಊರಿನ ಹೆಸರು ಬರೆದು ಇಟ್ಟಿದ್ದೇನೆ.