ಲೆಕ್ಕದ ಪುಸ್ತಕದ ಮೂಲೇಲಿ ಓಡ್ತಿದ್ದ ಕಡ್ಡಿಗೊಂಬೆ

ಹೋದ್ ಸಲ ಹುಳಿಪುಡಿ ಬಗ್ಗೆ ಬರೆದಾಗ, "ಮುಂದಿನ್ ಸಲ ಏನಾದ್ರೂ ಹಳೇ ಕಾಲದ್ದು ಬರಿ" ಅಂತ ನಮ್ಮ ಅತ್ತಿಗೆ ಹೇಳಿದ್ರು. ಹಳೇ ಕಾಲದ್ದೇ ಬರೀತಿದೀನಿ. ಆದ್ರೆ ಶುರುವಾಗೋದು ಮಾತ್ರ ಹೋದ ತಿಂಗಳು ನಮ್ಮನೇಲಿ ಆದ ಒಂದು ಗಲಾಟೆಯಿಂದ. ತಪ್ಪು ನಂದೇ, ಅದ್ನೂ ಹೇಳ್ಬುಡ್ತೀನಿ.

ನಮ್ಮ ಹುಡ್ಗ ಆರನೇ ಕ್ಲಾಸು. ಲೆಕ್ಕದ ಟೆಸ್ಟ್‌ನಲ್ಲಿ ಮಾರ್ಕ್ಸು ಕಮ್ಮಿ ಬಂದಿತ್ತು. ನೋಟ್ ಪುಸ್ತಕ ತೆಗೆದು ನೋಡ್ತೀನಿ, ಪ್ರತಿ ಹಾಳೆ ಮೂಲೇಲೂ ಒಂದೊಂದು ಕಡ್ಡಿಗೊಂಬೆ! ತಲೆಗೊಂದು ಸೊನ್ನೆ, ಮೈಗೊಂದು ಗೆರೆ, ಕೈಕಾಲಿಗೆ ನಾಕು ಗೆರೆ. ಎಲ್ಲಿತ್ತೋ ಸಿಟ್ಟು, ಕೈಗೆ ಸಿಕ್ಕಿದ ಆರು ಹಾಳೆ ಹರಿದು ಕಸದ ಬುಟ್ಟಿಗೆ ಹಾಕ್ಬುಟ್ಟೆ. ಬೆಳಿಗ್ಗೆ ಕಸದ ಗಾಡಿ ಬಂದು ತಗೊಂಡೂ ಹೋಯ್ತು. ಹುಡ್ಗ ಅಳ್ಲಿಲ್ಲ. ಪುಸ್ತಕ ಎತ್ಕೊಂಡು ಹೋಗಿ ಅವನಜ್ಜಿ ಪಕ್ಕ ಕೂತ್ಕಂಡ.

ನಮ್ಮತ್ತೆ ಆ ಪುಸ್ತಕ ಇಸ್ಕೊಂಡು, ನೋಟಿನ ಕಟ್ಟು ಎಣಿಸೋ ಹಂಗೆ ಹೆಬ್ಬೆಟ್ಟಲ್ಲಿ ಹಾಳೆಗಳ್ನ ಫರ್ ಅಂತ ಬಿಟ್ರು. "ಬಾರಮ್ಮಿ ಇಲ್ಲಿ, ಇವ್ನು ಓಡ್ತಾವ್ನೆ!" ಅಂದ್ರು. ನೋಡಿದ್ರೆ ನಿಜ. ಗೊಂಬೆ ಓಡ್ಕೊಂಡು ಬಂದು, ಬಗ್ಗಿ, ನೆಗೆಯೋಕೆ ಕಾಲೆತ್ತುತ್ತೆ. ಅಲ್ಲಿಗೆ ಮಾಯ. ಆಮೇಲೆ ಇದ್ದಕ್ಕಿದ್ದಂಗೆ ಆ ಕಡೆ ಕುಕ್ಕರಗಾಲಲ್ಲಿ ಕೂತಿರ್ತದೆ. ನೆಗೆತ ಇದ್ದ ಹಾಳೆಗಳೇ ನಾನು ಹರಿದಿದ್ದು.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಈ ಕಡ್ಡಿಗೊಂಬೆ ಓಡ್ಸೋದು ಎಲ್ಲಿಂದ ಬಂತು ಅಂತ ಹುಡುಕ್ತಾ ಕೂತೆ. ಓದಿದ್ದನ್ನ ನಿಮ್ಗೂ ಹೇಳ್ತೀನಿ.

ನಮ್ಮ ಹುಡ್ಗ ಮಾಡಿದ್ದಕ್ಕೆ 1868ರಲ್ಲೇ ಇಂಗ್ಲೆಂಡಿನ ಜಾನ್ ಬಾರ್ನ್ಸ್ ಲಿನೆಟ್ ಅನ್ನೋರು ಪೇಟೆಂಟ್ ತಗೊಂಡಿದ್ರಂತೆ. ಆಗಿನ್ನೂ ಸಿನಿಮಾನೇ ಹುಟ್ಟಿರ್ಲಿಲ್ಲ. ಆಮೇಲೆ ಫ್ರಾನ್ಸಿನಲ್ಲಿ ಎಮಿಲ್ ಕೋಲ್ ಅನ್ನೋ ವ್ಯಂಗ್ಯಚಿತ್ರಗಾರ ಸುಮಾರು 700 ಚಿತ್ರ ಬರೆದು, ಒಂದೊಂದನ್ನೇ ಫೋಟೋ ಹಿಡಿದು, ಒಂದೂವರೆ ನಿಮಿಷಾನೂ ಇರದ ಒಂದು ಸಿನಿಮಾ ಮಾಡಿದ್ರು. ಹೆಸರು 'ಫ್ಯಾಂಟಸ್ಮಗೋರಿ'. 1908ರ ಆಗಸ್ಟ್ 17ಕ್ಕೆ ಪ್ಯಾರಿಸ್ಸಿನಲ್ಲಿ ತೋರಿಸಿದ್ರು. ಅದರಲ್ಲಿರೋ ಕೋಡಂಗಿ ಹೆಚ್ಚುಕಮ್ಮಿ ಕಡ್ಡಿಗೊಂಬೆಯೇ. ಕೋಲ್ ಬರೆದಿದ್ದು ಬಿಳಿ ಕಾಗದದ ಮೇಲೆ ಕಪ್ಪು ಗೆರೆ. ಅಚ್ಚು ಹಾಕುವಾಗ ತಿರುವು ಮಾಡಿ ಕಪ್ಪಿನ ಮೇಲೆ ಬಿಳಿ ಗೆರೆ ಬರೋ ಹಂಗೆ ಮಾಡಿದ್ರು. ಮೊಬೈಲಲ್ಲಿ ಅತ್ತೆಗೆ ತೋರಿಸ್ದೆ. "ಸಾರಿಸಿದ ನೆಲದ ಮೇಲೆ ರಂಗೋಲಿ ಬಿಟ್ಟಂಗೈತೆ" ಅಂದ್ರು.

ಗೊಂಬೆ ಓಡ್ಸೋ ಸಾಧನ ಆ ಕಡೆಯದ್ದು ಇರಬಹುದು. ಆದ್ರೆ ನಾಕು ಗೆರೇಲಿ ಮನುಷ್ಯನನ್ನ ಕುಣಿಸೋ ವಿದ್ಯೆ ನಮ್ಮ ನಾಡಿನ ಬಂಡೆ ಮೇಲೇ ಐತೆ. ಬಳ್ಳಾರಿ ಹತ್ತಿರ ಕುಪ್ಪಗಲ್ಲು, ಸಂಗನಕಲ್ಲು ಅಂತ ಊರುಗಳವೆ. ಅಲ್ಲಿಯ ಗುಡ್ಡದ ಕರಿ ಬಂಡೆಗಳ ಮೇಲೆ ಕಲ್ಲಿಂದ ಕುಟ್ಟಿ ಕುಟ್ಟಿ ಮಾಡಿದ ಚಿತ್ರಗಳು ತುಂಬವೆ. ಜಾಸ್ತಿ ಇರೋದು ದನಗಳು. ನಡುವೆ ಕೈಯೆತ್ತಿ ಕುಣಿಯೋ ಜನ, ಬಿಲ್ಲು ಹಿಡಿದೋರು. ಹೊಸ ಶಿಲಾಯುಗದಿಂದ ಶುರುವಾಗಿ ಬೇರೆಬೇರೆ ಕಾಲದಲ್ಲಿ ಮಾಡಿದವು. ಫಾಸೆಟ್ ಅನ್ನೋ ಇಂಗ್ಲಿಷಿನೋರು 1892ರಲ್ಲೇ ಇದರ ಬಗ್ಗೆ ಬರೆದಿದ್ರು. 2004ರಲ್ಲಿ ನಿಕೋಲ್ ಬೋಯಿವಿನ್ ಅನ್ನೋ ಸಂಶೋಧಕಿ ಮತ್ತೆ ಬರೆದ್ರು. ಅಲ್ಲಿ ಕೆಲವು ಬಂಡೆ ಬಡಿದ್ರೆ ಗಂಟೆ ಥರ ಠಣ್ ಅಂತಾವಂತೆ! ಆದ್ರೆ ಅದೇ ಗುಡ್ಡಕ್ಕೆ ಕಲ್ಲುಗಣಿ ಕಾಟಾನೂ ತಗಲ್ಕೊಂತು. ಅಷ್ಟು ಕಾಲ ಉಳಿದ ಚಿತ್ರ ಜಲ್ಲಿಯಾಗಿ ಹೋದ್ರೆ ಮತ್ತೆ ಯಾರು ತಂದುಕೊಡ್ತಾರೆ? ಗಂಗಾವತಿ ಕಡೆ ಹಿರೇಬೆಣಕಲ್ಲಿನಲ್ಲೂ ಬಂಡೆ ಮರೆಯಲ್ಲಿ ಕೆಂಪು ಬಣ್ಣದ ಗೊಂಬೆಗಳವೆ, ಕುಣಿಯೋರು, ಕುದುರೆ ಮೇಲೆ ಕೂತೋರು. ಯಾವುದಕ್ಕೂ ಕಣ್ಣಿಲ್ಲ ಮೂಗಿಲ್ಲ, ಆದ್ರೂ ಏನ್ ಮಾಡ್ತಾವ್ರೆ ಅಂತ ಗೊತ್ತಾಗ್ತದೆ.

ಅಷ್ಟು ದೂರ ಯಾಕೆ, ನಮ್ಮ ಸಿಂಗಸಂದ್ರದ ಹಳೇ ಪಹಣೀಲಿ ಬೇಗೂರು ಹೋಬಳಿ ಅಂತ ಇರ್ತಿತ್ತಲ್ಲ, ಆ ಬೇಗೂರಿನ ವೀರಗಲ್ಲುಗಳನ್ನೇ ತಗೊಳಿ. ನಾಗೇಶ್ವರನ ಗುಡೀಲಿ 'ಬೆಂಗಳೂರು' ಅನ್ನೋ ಹೆಸರಿರೋ ಕಲ್ಲೈತೆ ಅಂತ ನಿಮ್ಗೆಲ್ಲ ಗೊತ್ತು. ಇನ್ನೊಂದು ದೊಡ್ಡ ಕಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗೈತೆ. ಗಂಗರ ಕಡೆಯ ನಾಗತ್ತರ ಅನ್ನೋನು ತುಂಬೆಪಾಡಿ ಕಾಳಗದಲ್ಲಿ ಸತ್ತದ್ದಕ್ಕೆ ನಿಲ್ಸಿದ್ದು, ಸುಮಾರು 1100 ವರ್ಷ ಹಳೇದು. ಆನೆ, ಕುದುರೆ, ಬಿಲ್ಲುಗಾರರು ಒಬ್ರ ಮೇಲೊಬ್ರು ಬಿದ್ದಂಗೆ ಅವ್ರೆ. ಅದು ಮೈತುಂಬಿದ ಶಿಲ್ಪ, ಕಡ್ಡಿಗೊಂಬೆ ಅಲ್ಲ. ಆದ್ರೆ ಒಬ್ಬೊಬ್ರ ಮೈ ಎತ್ತ ವಾಲೈತೆ, ಯಾವ ಮೊಣಕಾಲು ಬಗ್ಗೈತೆ ಅಂತ ನೋಡಿದ್ರೆ ಒಳಗಿನ ಕಡ್ಡಿ ಕಾಣ್ತದೆ.

ಇನ್ನು ನಮ್ಮ ಹೆಣ್ಣುಮಕ್ಕಳು. ಸಾಗರದ ಕಡೆ ದೀವರ ಹೆಂಗಸ್ರು ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಗೆರೆ, ತ್ರಿಕೋಣದಲ್ಲೇ ಜನ ಮೂಡ್ತಾರೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಮೇಲೂ ಬರೀತಾರೆ. ಇದನ್ನ ಓದಿ ಹೇಳ್ತಿದ್ದಂಗೆ ನಮ್ಮತ್ತೆ, "ನಾನೂ ಬರೀತಿದ್ದೆ" ಅಂದ್ರು. ಮದುವೆಯಾಗಿ ಬಂದು ಹದಿನೇಳು ವರ್ಷ ಆಯ್ತು, ನಂಗೆ ಗೊತ್ತೇ ಇರ್ಲಿಲ್ಲ! ಹಳೇ ಹೆಂಚಿನ ಮನೇಲಿ ಸುಣ್ಣ ಕಾರಣೆ ಮಾಡಿದ ಮೇಲೆ, ಮದುವೆ ಬಂದ್ರೆ ಪಲ್ಲಕ್ಕಿ, ಅದ ಹೊರೋರು, ಮುಂದೆ ತಮಟೆಯೋನು ಬರೀತಿದ್ರಂತೆ. ಎಲೆಕ್ಟ್ರಾನಿಕ್ ಸಿಟಿ ಕೆಲಸದೋರಿಗೆ ಬಾಡಿಗೆ ಮನೆ ಕಟ್ಟೋಣ ಅಂತ ಆ ಮನೆ ಕೆಡವಿದ್ವಿ. ಆ ಗೋಡೆಯ ಒಂದು ಫೋಟೋನೂ ನಮ್ಹತ್ರ ಇಲ್ಲ.

"ಹೆಂಗ್ ಬರೀತಿದ್ರಿ ಅತ್ತೆ?" ಅಂದೆ. ಸೀಮೆಸುಣ್ಣ ತಗೊಂಡು ನೆಲದ ಮೇಲೆ ತಲೆಗಿಂತ ಮೊದ್ಲು ಬೆನ್ನೆಳೆದ್ರು, ಬಿಲ್ಲಿನ ಥರ ಬಾಗಿದ ಒಂದೇ ಗೆರೆ. "ಹೊರೆ ಹೊತ್ತೋನು ಗೂಟದಂಗೆ ನೆಟ್ಟಗೆ ನಿಂತ್ಕತಾನಾ? ಬೆನ್ನು ಹೇಳ್ತದೆ ಕಣೋ, ಮಿಕ್ಕಿದ್ದು ತಾನೇ ಬತ್ತದೆ" ಅಂತ ಮೊಮ್ಮಗನಿಗೆ ಹೇಳಿದ್ರು. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಪ್ರೆಸ್ಟನ್ ಬ್ಲೇರ್ ಅನ್ನೋರು 1940ರ ದಶಕದ ಕೊನೆಗೆ ಬರೆದ ಕಾರ್ಟೂನ್ ಪುಸ್ತಕದಲ್ಲೂ ಇದೇ ಪಾಠ! ಮೊದ್ಲು ತಲೆಯಿಂದ ಹಿಮ್ಮಡಿವರೆಗೆ ಓಟದ ಒಂದು ಗೆರೆ, ಆಮೇಲೆ ಮೈ ತುಂಬೋದು.

ನಿಮ್ಮ ಮಕ್ಕಳೂ ಬರೀತಾರೆ ಅಂದ್ರೆ ಇಷ್ಟು ಹೇಳ್ಕೊಡಿ. ಓಡೋನ ಬೆನ್ನು ಮುಂದಕ್ಕೆ ವಾಲಬೇಕು. ಬಲಗಾಲು ಮುಂದೆ ಇದ್ರೆ ಎಡಗೈ ಮುಂದೆ. ಭುಜದ ಗೆರೆ ಒಂದು ಕಡೆ ಇಳಿದ್ರೆ ಸೊಂಟದ ಗೆರೆ ಇನ್ನೊಂದು ಕಡೆ ಇಳೀಲಿ. ನೆಗೆಯೋಕೆ ಮುಂಚೆ ಮುದುರ್ಕೋಬೇಕು, ಗಾಳೀಲಿ ಉದ್ದಕ್ಕೆ ಚಾಚ್ಕೋಬೇಕು. ಕೈಕಾಲಿಗೆ ಮೊಣಕೈ, ಮೊಣಕಾಲು ಮರೀಬಾರ್ದು. ಇಷ್ಟು ಸಾಕು, ಛೋಟಾ ಭೀಮನೂ ಅದರ ಮೇಲೇ ನಿಲ್ತಾನೆ.

ಮೈಸೂರಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಲ್ಲಿ ಮನೆ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚ್ತಿದ್ರಂತೆ. ರಾಶಿಯವರು 1942ರಲ್ಲಿ ಶುರು ಮಾಡಿದ 'ಕೊರವಂಜಿ'ಗೂ ಚಿತ್ರ ಬರೆದ್ರು, ಆಮೇಲೆ ಇಡೀ ದೇಶಕ್ಕೆ ಬರೆದ್ರು. ನಮ್ಮ ಹುಡ್ಗ ಹಂಗಾಗ್ತಾನೆ ಅಂತ ಹೇಳ್ತಿಲ್ಲ, ಲೆಕ್ಕಾನೂ ಬರಬೇಕು! ಆದ್ರೆ ಗೀಚಿದ್ದನ್ನ ಹರಿಯೋಕೆ ಮುಂಚೆ ಒಂದ್ಸಲ ತಿರುವಿ ನೋಡಬೇಕಿತ್ತು.

ಸಿಂಗಸಂದ್ರಕ್ಕೆ ಈಗ ಮೆಟ್ರೊ ಬಂದೈತಲ್ಲ. ರಜದಲ್ಲಿ ಟ್ರಿನಿಟಿ ಹತ್ತಿರ ಇರೋ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಅಜ್ಜಿ ಮೊಮ್ಮಗ ಇಬ್ರನ್ನೂ ಕರ್ಕೊಂಡು ಹೋಗ್ಬೇಕು ಅಂತಿದೀನಿ.

ಹರಿದ ಜಾಗಕ್ಕೆ ಆರು ತುಂಡು ಕಾಗದ ಅಂಟಿಸ್ಕೊಟ್ಟೆ. ಹುಡ್ಗ ನಾಕರಲ್ಲಿ ಬರೆದವ್ನೆ. ಮಿಕ್ಕಿದ ಎರಡು ಅಜ್ಜಿ ಬರೀಲಿ ಅಂತ ಖಾಲಿ ಬಿಟ್ಟವ್ನೆ. ಅವ್ರು ಇನ್ನೂ ಕನ್ನಡಕ ಹುಡುಕ್ತಾವ್ರೆ.