ಸನ್ನತಿಯ ಶಿಲೆ ಮತ್ತು ಜ್ಞಾನದ ಪರೀಕ್ಷೆ

ಜ್ಞಾನವು ನಮಗೆ ಹೇಗೆ ಲಭಿಸುತ್ತದೆ, ಲಭಿಸಿದುದು ನಿಜವೆಂದು ಹೇಗೆ ನಿಶ್ಚಯಿಸಬೇಕು ಎಂಬ ಪ್ರಶ್ನೆ ಕಾಗಿಣಾ ತೀರಕ್ಕೆ ಹೊಸತಲ್ಲ. ಸೇಡಂ ತಾಲೂಕಿನ ಮಳಖೇಡದೊಡನೆ ಹೆಸರು ಬೆಸೆದುಕೊಂಡಿರುವ, 14ನೆಯ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಜ್ಞಾನಸಾಧನಗಳನ್ನು ನಿರೂಪಿಸಿದರು. ಮೂರಕ್ಕೂ ಅವರು ವಿಧಿಸಿದ ನಿಬಂಧನೆ ಒಂದೇ: ಸಾಧನವು ದೋಷರಹಿತವಾಗಿರಬೇಕು.

ಪಾಶ್ಚಾತ್ಯ ವಿಜ್ಞಾನತತ್ತ್ವಜ್ಞರ ವಿಚಾರ ಬೇರೊಂದು ದಾರಿಯಲ್ಲಿ ಸಾಗಿತು. ನಿದರ್ಶನಗಳನ್ನು ಕ್ರಮವಾಗಿ ಸಂಗ್ರಹಿಸಿ ಸಾಮಾನ್ಯ ನಿಯಮಕ್ಕೆ ಏರಬೇಕೆಂದು ಬೇಕನ್ 1620ರಲ್ಲಿ ಬೋಧಿಸಿದನು. ಕಂಡ ನಿದರ್ಶನಗಳು ಎಷ್ಟಿದ್ದರೂ ಕಾಣದ ನಿದರ್ಶನಕ್ಕೆ ತರ್ಕವು ಹೊಣೆಯಾಗಲಾರದೆಂದು 18ನೆಯ ಶತಮಾನದಲ್ಲಿ ಹ್ಯೂಮ್ ಆಕ್ಷೇಪಿಸಿದನು. ಕಾರ್ಲ್ ಪಾಪರ್ 1934ರಲ್ಲಿ ಆ ಆಕ್ಷೇಪವನ್ನು ಒಪ್ಪಿಕೊಂಡೇ ಮುಂದುವರಿದನು: ಸಿದ್ಧಾಂತವು ಊಹೆಯಾಗಿ ಹುಟ್ಟುತ್ತದೆ, ಅದನ್ನು ಸುಳ್ಳಾಗಿಸಬಲ್ಲ ಸಾಕ್ಷ್ಯವನ್ನು ಅರಸುವುದೇ ವಿಜ್ಞಾನದ ಕಾರ್ಯ.

ಇತಿಹಾಸಕ್ಕೆ ಈ ಮಾತು ಸಲ್ಲುವುದೇ? ಚಿತ್ತಾಪುರ ತಾಲೂಕಿನ ಸನ್ನತಿ ಇದಕ್ಕೆ ಉತ್ತರ ನೀಡುತ್ತದೆ. ಅಶೋಕನ ಎರಡು ‘ಪ್ರತ್ಯೇಕ ಶಾಸನ’ಗಳು ಬಹುಕಾಲ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದವು. ಅವು ಅಲ್ಲಿಯ ಅಧಿಕಾರಿಗಳನ್ನು ಸಂಬೋಧಿಸುತ್ತವೆ; ಆ ಸ್ಥಳಗಳಲ್ಲಿ 11ರಿಂದ 13ರವರೆಗಿನ ಬಂಡೆ ಶಾಸನಗಳಿಲ್ಲ. ಆದುದರಿಂದ ಈ ಶಾಸನಗಳು ಯುದ್ಧದಲ್ಲಿ ಗೆದ್ದ ಕಳಿಂಗಕ್ಕೆ ಮಾತ್ರ ಮೀಸಲಾದವು ಎಂಬ ನಿರ್ಣಯ ಸಹಜವಾಗಿತ್ತು. 1980ರ ದಶಕದಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯಲ್ಲಿ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಎರಡು ಮುಖಗಳಲ್ಲೂ ಬ್ರಾಹ್ಮೀ ಬರಹ ಕಂಡುಬಂದಿತು. ಒಂದು ಮುಖದಲ್ಲಿ 12 ಮತ್ತು 14ನೆಯ ಶಾಸನಗಳು, ಇನ್ನೊಂದರಲ್ಲಿ ಅದೇ ಪ್ರತ್ಯೇಕ ಶಾಸನಗಳ ಭಾಗಗಳು! ಹಳೆಯ ನಿರ್ಣಯ ಆ ರೂಪದಲ್ಲಿ ನಿಲ್ಲಲಿಲ್ಲ.

ಆದರೆ ಬಿದ್ದುದು ಯಾವುದು? ಊಹೆಗಳು ಒಂಟಿಯಾಗಿ ಪರೀಕ್ಷೆಗೆ ಒಳಗಾಗುವುದಿಲ್ಲ, ಗುಂಪಾಗಿ ಒಳಗಾಗುತ್ತವೆ ಎಂದು ಫ್ರಾನ್ಸಿನ ದ್ಯುಎಮ್ 1906ರಲ್ಲೇ ಎಚ್ಚರಿಸಿದ್ದನು. ಇಲ್ಲಿ ಲಿಪಿಯ ಓದು ಕೆಡಲಿಲ್ಲ, ಕರ್ತೃವಿನ ನಿರ್ಣಯ ಕೆಡಲಿಲ್ಲ. ‘ಮಾತ್ರ’ ಎಂಬ ಒಂದು ಪದ ಬಿದ್ದಿತು. ಅದರ ಸ್ಥಾನದಲ್ಲಿ ಹೊಸ ಊಹೆಗಳು ಏಳುತ್ತವೆ. ಭೀಮಾತೀರದ ಆಡಳಿತಕ್ಕೂ ಅಂಥದೇ ಉಪದೇಶ ಅಗತ್ಯವಾಗಿತ್ತೇ, ಅಥವಾ ಕಳಿಂಗದ ಪಾಠವೇ ಇಲ್ಲಿಗೆ ಬಂದಿತೇ? ಎರಡನೆಯದನ್ನು ಹಾಗೆಯೇ ಒಪ್ಪಲು, ಕಳಿಂಗದಲ್ಲಿಲ್ಲದ 12ನೆಯ ಶಾಸನ ಇಲ್ಲಿರುವುದೇ ಅಡ್ಡಿಯಾಗುತ್ತದೆ. ಮುಂದೆ ಇಲ್ಲಿ 13ನೆಯ ಶಾಸನವೂ ದೊರೆತರೆ ಆ ಊಹೆ ಇನ್ನಷ್ಟು ದುರ್ಬಲವಾದೀತು.

ಜಯತೀರ್ಥರೂ ಪಾಪರನೂ ಒಂದನ್ನೇ ಹೇಳಿದರೆನ್ನುವುದು ಯುಕ್ತವಲ್ಲ. ಜ್ಞಾನವು ಸಹಜವಾಗಿ ಪ್ರಮಾಣವೆಂದೂ, ದೋಷ ತೋರಿದಾಗಲೇ ಶಂಕೆಗೆ ಅವಕಾಶವೆಂದೂ ಮೊದಲಿನವರ ಮತ. ದೋಷವನ್ನು ನಾವೇ ಅರಸಿ ಹೋಗಬೇಕೆಂಬುದು ಎರಡನೆಯವನ ಮತ. ಇತಿಹಾಸದ ವಿದ್ಯಾರ್ಥಿಗೆ ಎರಡೂ ಬೇಕು. ಶಾಸನವನ್ನು ನಂಬದೆ ಓದು ಆರಂಭವಾಗದು. ತನ್ನ ನಿರ್ಣಯವನ್ನು ಶಂಕಿಸದೆ ಓದು ಮುಂದುವರಿಯದು. ಆದಕಾರಣ ತರಗತಿಯಲ್ಲಿ ಒಂದು ನಿರ್ಣಯವನ್ನು ಬೋಧಿಸುವಾಗ, ಯಾವ ಸಾಕ್ಷ್ಯ ದೊರೆತರೆ ಅದನ್ನು ಕೈಬಿಡಬೇಕಾದೀತೆಂಬುದನ್ನೂ ಜೊತೆಗೆ ಹೇಳುವುದು ನಮ್ಮ ಕರ್ತವ್ಯವಾಗಿದೆ.