ತಂಪಿನ ಲೆಕ್ಕ ಬೇರೆ, ಮಳೆಯ ಲೆಕ್ಕ ಬೇರೆ

ನಮ್ಮ ಹೂಟಗಳ್ಳಿ ಕಡೆ ಅಣು ಅಂದರೆ ಮೊದಲು ನೆನಪಾಗೋದು ಇಲವಾಲದ ಹತ್ತಿರ ರತ್ನಹಳ್ಳಿಯಲ್ಲಿರುವ ಭಾಭಾ ಕೇಂದ್ರ. ಆದರೆ ಅಣುಬಾಂಬಿಗೂ ನಮ್ಮ ರಾಗಿ ಹೊಲಕ್ಕೂ ನಂಟು ಇರೋದು ಮಳೆಯಲ್ಲಿ. ಅದರ ಕಥೆ ಇವತ್ತು ಬರೆದಿದ್ದೇನೆ, ಪುರುಸೊತ್ತಲ್ಲಿ ಓದಿ.

1982ರಲ್ಲಿ ಪಾಲ್ ಕ್ರುಟ್ಜೆನ್ ಮತ್ತು ಜಾನ್ ಬರ್ಕ್ಸ್ ಎಂಬ ವಿಜ್ಞಾನಿಗಳು ಒಂದು ಪ್ರಶ್ನೆ ಎತ್ತಿದರು. ಅಣುಯುದ್ಧದಲ್ಲಿ ಪಟ್ಟಣ, ಕಾಡು ಹೊತ್ತಿಕೊಂಡರೆ ಆ ಹೊಗೆ ಎಲ್ಲಿಗೆ ಹೋಗುತ್ತೆ? ಮರುವರ್ಷ ಕಾರ್ಲ್ ಸೇಗನ್ ಮತ್ತು ಜೊತೆಗಾರರು ಲೆಕ್ಕ ಹಾಕಿ ‘ಅಣು ಚಳಿಗಾಲ’ದ ಎಚ್ಚರಿಕೆ ಕೊಟ್ಟರು. ಹುಣಸೂರು ಕಡೆ ಹೊಗೆಸೊಪ್ಪಿನ ಬ್ಯಾರನ್ ಹೊಗೆ ಒಂದು ಒಳ್ಳೆ ಮಳೆಗೆ ತೊಳೆದುಹೋಗುತ್ತೆ. ಈ ಮಸಿ ಹಾಗಲ್ಲ. ಬಿಸಿಲಿಗೆ ಕಾದು ಮೋಡಕ್ಕಿಂತ ಮೇಲೆ ಏರುತ್ತೆ, ಅಲ್ಲಿ ತೊಳೆಯೋಕೆ ಮಳೆಯೇ ಇಲ್ಲ. ವರ್ಷಗಟ್ಟಲೆ ನಿಂತು ಬಿಸಿಲು ತಡೆಯುತ್ತೆ.

2007ರಲ್ಲಿ ಅಲನ್ ರೋಬಾಕ್ ತಂಡ ನಮ್ಮದೇ ಉದಾಹರಣೆ ತೆಗೆದುಕೊಂಡಿತು: ಭಾರತ, ಪಾಕಿಸ್ತಾನದ ನಡುವೆ ಹಿರೋಶಿಮಾ ಅಳತೆಯ 100 ಬಾಂಬ್. ಅವರ ಲೆಕ್ಕದಲ್ಲಿ 50 ಲಕ್ಷ ಟನ್ ಮಸಿ ಮೇಲೇರಿ ಭೂಮಿ ಸರಾಸರಿ 1.25 ಡಿಗ್ರಿ ತಣ್ಣಗಾಗುತ್ತೆ, ಏಷ್ಯಾದ ಮುಂಗಾರು ಕುಗ್ಗುತ್ತೆ. ಬಾಂಬ್ ಬೀಳದ ಊರಿನ ಬೆಳೆಯೂ ಹೋಗುತ್ತೆ ಅಂತಾಯ್ತು.

ಇನ್ನೊಂದು ಮಗ್ಗುಲು ನೋಡಿ. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಒಂದೂವರೆಯಿಂದ ಎರಡು ಕೋಟಿ ಟನ್ ಗಂಧಕದ ಹೊಗೆ ಮೇಲೆ ಹೋಯಿತು. ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಯಿತು. ಹಾಗಾದರೆ ನಾವೇ ಗಂಧಕ ಚೆಲ್ಲಿ ಬಿಸಿ ತಗ್ಗಿಸಬಾರದೇಕೆ? 2006ರಲ್ಲಿ ಇದನ್ನು ಅಧ್ಯಯನ ಮಾಡಿ ಅಂದವರು ಅದೇ ಕ್ರುಟ್ಜೆನ್. ಅದಕ್ಕೂ ಮೊದಲು, 1997ರಲ್ಲೇ, ಇಂಥ ಯೋಜನೆ ಬರೆದವರಲ್ಲಿ ಹೈಡ್ರೋಜನ್ ಬಾಂಬಿನ ಜನಕ ಎಡ್ವರ್ಡ್ ಟೆಲ್ಲರ್ ಒಬ್ಬರು. ಅವರಿದ್ದದ್ದು ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯ ಲಿವರ್‌ಮೋರ್‌ನಲ್ಲಿ.

ಅದೇ ಲಿವರ್‌ಮೋರ್‌ನಲ್ಲಿ ಗೋವಿಂದಸಾಮಿ ಬಾಲ ಮತ್ತು ಕೆನ್ ಕಾಲ್ಡೇರಾ 2000ದಲ್ಲಿ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದರು. ಇಂಗಾಲದ ಡೈಆಕ್ಸೈಡ್ ಎರಡುಪಟ್ಟಾದರೂ ಬಿಸಿಲನ್ನು ಶೇ. 1.8ರಷ್ಟು ಕಡಿಮೆ ಮಾಡಿದರೆ ತಾಪ ಹೆಚ್ಚೂಕಮ್ಮಿ ಮೊದಲಿನಂತೆ ಆಯಿತು. ಆದರೆ 2008ರಲ್ಲಿ ಬಾಲ ಮತ್ತು ಜೊತೆಗಾರರು ಇನ್ನೊಂದು ವಿಷಯ ತೋರಿಸಿದರು: ತಾಪ ಸರಿಹೋದರೂ ಮಳೆ ಮೊದಲಿಗಿಂತ ಕಡಿಮೆಯಾಗುತ್ತೆ. ನೀರನ್ನು ಆವಿ ಮಾಡೋದರಲ್ಲಿ ಬಿಸಿಲಿನ ಕೈ ದೊಡ್ಡದು. ಬಿಸಿಲು ತಗ್ಗಿದರೆ ಆವಿ ಕಮ್ಮಿ, ಆವಿ ಕಮ್ಮಿಯಾದರೆ ಮಳೆ ಕಮ್ಮಿ. ಪಿನಾಟುಬೊ ಆದಮೇಲೂ ನೆಲದ ಮೇಲಿನ ಮಳೆ ಇಳಿದಿತ್ತು.

ಬಾಲ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಅವರ ತಂಡ 2018ರಲ್ಲಿ ಮುಂಗಾರಿನ ಲೆಕ್ಕ ತೆಗೆಯಿತು. ಉತ್ತರ ಧ್ರುವದ ಕಡೆ ಮಾತ್ರ ತಂಪು ಮಾಡಿದರೆ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿದು ನಮ್ಮ ಮುಂಗಾರು ಸೊರಗುತ್ತೆ. ಅಂದರೆ ಯಾರೋ ತಮ್ಮ ಹಿಮ ಉಳಿಸಿಕೊಳ್ಳಲು ಮಾಡಿದ ಕೆಲಸಕ್ಕೆ ನಮ್ಮ ಬಿತ್ತನೆ ಕೆಡಬಹುದು. ಗಂಧಕ ಒಂದೆರಡು ವರ್ಷದಲ್ಲಿ ಉದುರಿಹೋಗುತ್ತೆ, ಹಾಗಾಗಿ ಚೆಲ್ಲುತ್ತಲೇ ಇರಬೇಕು. ನಡುವೆ ನಿಲ್ಲಿಸಿದರೆ ತಡೆದಿಟ್ಟಿದ್ದ ಬಿಸಿ ಬೇಗ ಮೇಲೆ ಬೀಳುತ್ತೆ.

ಮಳೆ ತಪ್ಪಿದರೆ ಏನಾಗುತ್ತೆ ಅನ್ನೋದು ಮೈಸೂರು ಸೀಮೆಗೆ ಹೊಸದಲ್ಲ. 1876-78ರ ಧಾತು ಈಶ್ವರ ಕ್ಷಾಮಕ್ಕೆ ಬಾಂಬೂ ಬೇಕಿರಲಿಲ್ಲ, ಗಂಧಕವೂ ಬೇಕಿರಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ಕ್ಕೆ 42 ಲಕ್ಷದೊಳಗೆ ಇಳಿದಿದ್ದರು. ಇವತ್ತು ಕಟ್ಟೆ ಇದೆ, ಕಬಿನಿ ಇದೆ, ರೇಷನ್ ಇದೆ. ಆದರೂ ಕಟ್ಟೆ ತುಂಬೋದು ಅದೇ ಮುಂಗಾರಿನಿಂದ.

ಏಪ್ರಿಲ್ ಬಿಸಿಲಲ್ಲಿ ತೆಂಗಿನ ಸಸಿಗೆ ನೀರು ಹೊರುವಾಗ, ಸೂರ್ಯನಿಗೆ ಯಾರಾದರೂ ಒಂದು ಕೊಡೆ ಹಿಡಿಯಲಿ ಅಂತ ನನಗೂ ಅನ್ನಿಸುತ್ತೆ. ಆದರೆ ಆ ಕೊಡೆ ಯಾರ ಕೈಲಿ ಇರುತ್ತೆ, ನಮ್ಮ ಮಳೆ ತಪ್ಪಿದರೆ ಯಾರು ಕಟ್ಟಿಕೊಡ್ತಾರೆ ಅಂತ ಮಳೆ ನಂಬಿದ ನಾವು ಈಗಲೇ ಕೇಳಬೇಕು. ನಿಮ್ಮ ಮನೆಯಲ್ಲಿ ಹಿರಿಯರು ಧಾತು ಈಶ್ವರದ ಮಾತು ಹೇಳಿದ್ದರೆ ಬರೆದು ತಿಳಿಸಿ.